ಕೋರಿ ಕ್ಯಾಟ್‌ಫಿಶ್‌ನ ಮೀಸೆ ಸವೆಯುತ್ತಿದೆ, ಕಲ್ಲುಪ್ಪು ಹಾಕಲೇ?

ಪ್ರಶ್ನೆ: ಸರ್, ನಾವು ಮೈಸೂರಿನ ಬೋಗಾದಿ ಕಡೆ ಹೊಸದಾಗಿ ಮನೆ ಕಟ್ಟಿಸಿಕೊಂಡು ಬಂದಿದ್ದೇವೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಕ್ವೇರಿಯಂನಲ್ಲಿ ಎರಡು ಗೋಲ್ಡ್‌ಫಿಶ್ ಇದ್ದವು. ‘ಇವು ತಳದ ಗಲೀಜೆಲ್ಲ ತಿಂದು ಕ್ಲೀನ್ ಮಾಡ್ತವೆ’ ಅಂತ ಅಂಗಡಿಯವರು ಹೇಳಿದ್ದಕ್ಕೆ ಮೂರು ತಿಂಗಳ ಹಿಂದೆ ಐದು ಕೋರಿ ಕ್ಯಾಟ್‌ಫಿಶ್ ತಂದೆ: ಮೂರು ಕಂದು, ಎರಡು ಬಿಳಿ. ತಳಕ್ಕೆ ಮನೆ ಕಟ್ಟಿ ಮಿಕ್ಕಿದ್ದ ಎಂ-ಸ್ಯಾಂಡ್ ಎರಡು ಇಂಚು ಹಾಸಿದ್ದೇನೆ. ಹದಿನೈದು ದಿನಕ್ಕೊಮ್ಮೆ ಪೂರ್ತಿ ನೀರು ಚೆಲ್ಲಿ, ಗಾಜು ಉಜ್ಜಿ, ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಚೆನ್ನಾಗಿ ತೊಳೆಯುತ್ತೇನೆ. ಮರಳನ್ನು ಮಾತ್ರ ಕದಲಿಸುವುದಿಲ್ಲ. ಸಂಪಿಗೆ ಕಾವೇರಿ ನೀರು ಬಿಡುತ್ತೇವೆ, ಸಾಲದಿದ್ದರೆ ಬೋರ್ ನೀರು. ಈಗ ಎರಡು ಕೋರಿ ಸತ್ತಿವೆ. ಉಳಿದವುಗಳ ಮೀಸೆ ಮೊಂಡಾಗಿದೆ, ಒಂದು ಬಿಳಿಯದರ ಹೊಟ್ಟೆ ಕೆಂಪಾಗಿದೆ, ಆಗಾಗ ಸರ್ರಂತ ಮೇಲಕ್ಕೆ ಹೋಗಿ ಬರುತ್ತವೆ. ನೀರು ನೋಡಿದರೆ ತಿಳಿಯಾಗಿದೆ. ಆರ್‌ಒ ಸರ್ವೀಸ್‌ಗೆ ಬಂದವರು ಟಿಡಿಎಸ್ ನೋಡಿ 410 ಇದೆ, ಪರವಾಗಿಲ್ಲ ಎಂದರು. ಅಂಗಡಿಯವರು ಒಂದು ಹಿಡಿ ಕಲ್ಲುಪ್ಪು, ಒಂದು ಆ್ಯಂಟಿಬಯಾಟಿಕ್ ಕ್ಯಾಪ್ಸೂಲ್ ಹಾಕಿ ಅನ್ನುತ್ತಿದ್ದಾರೆ. ಹಾಕಲೇ? ಗಾಜಿನ ಮೇಲಿನ ಪಾಚಿಗೆ ಒಂದು ಸಕ್ಕರ್ ಫಿಶ್ ಕೂಡ ತರಬಹುದೇ?

ಉತ್ತರ: ಎರಡನ್ನೂ ಇವತ್ತು ಹಾಕಬೇಡಿ. ಔಷಧಿ ಹಾಕಲೇ ಎಂದು ನೀವು ಕೇಳಿದ್ದೀರಿ. ಆದರೆ ಕಾಯಿಲೆಯ ಮೂಲ ನೀವೇ ಬರೆದ ಎರಡು ವಾಕ್ಯಗಳಲ್ಲಿದೆ: ಹದಿನೈದು ದಿನಕ್ಕೊಮ್ಮೆ ಪೂರ್ತಿ ತೊಳೆಯುವುದು, ಮತ್ತು ಕದಲಿಸದೆ ಬಿಟ್ಟ ಎರಡು ಇಂಚು ಎಂ-ಸ್ಯಾಂಡ್. ಕೋರಿ ದಿನವಿಡೀ ಮೂತಿಯನ್ನು ನೆಲಕ್ಕೆ ಹಚ್ಚಿಕೊಂಡೇ ಬದುಕುವ ಮೀನು. ಟ್ಯಾಂಕಿನಲ್ಲಿ ಏನೇ ಕೆಟ್ಟರೂ ಅದು ಮೊದಲು ತಟ್ಟುವುದು ಅದರ ಮೀಸೆಗೆ ಮತ್ತು ಹೊಟ್ಟೆಗೆ. ಮೇಲೆ ಈಜುವ ಗೋಲ್ಡ್‌ಫಿಶ್ ಇನ್ನೂ ಆರಾಮಾಗಿ ಕಾಣುತ್ತಿರುವುದೂ ಇದೇ ಕಾರಣಕ್ಕೆ.

ಮೊದಲು ಆ ‘ಕ್ಲೀನ್ ಮಾಡ್ತವೆ’ ಎಂಬ ಮಾತು. ಕೋರಿ ಗಲೀಜು ತಿನ್ನುವುದಿಲ್ಲ, ಬೇರೆ ಮೀನಿನ ಹಿಕ್ಕೆಯನ್ನಂತೂ ಮುಟ್ಟುವುದೇ ಇಲ್ಲ. ದಕ್ಷಿಣ ಅಮೆರಿಕದ ಹೊಳೆ ತೊರೆಗಳಲ್ಲಿ ಅದು ಮರಳಿನಲ್ಲಿ ಮೂತಿ ತೂರಿಸಿ ಹುಳು, ಕೀಟದ ಮರಿ, ಸಣ್ಣ ಸಿಗಡಿಯಂಥವನ್ನು ಹೆಕ್ಕಿ, ಮರಳನ್ನು ಕಿವಿರಿನ ಸಂದಿಯಿಂದ ಹೊರಗೆ ಬಿಡುತ್ತದೆ. ಬಿದ್ದ ಆಹಾರ ಸಿಕ್ಕರೆ ತಿನ್ನುತ್ತದೆ, ನಿಜ. ಆದರೆ ನೀವು ಹಾಕುವ ತೇಲುವ ಕಾಳನ್ನು ಗೋಲ್ಡ್‌ಫಿಶ್ ಒಂದೂ ಉಳಿಸುವುದಿಲ್ಲ. ಹೀಗಾಗಿ ಕೋರಿಗಳು ಮೂರು ತಿಂಗಳು ಅರೆಹೊಟ್ಟೆಯಲ್ಲಿದ್ದಿರಬಹುದು. ಪಕ್ಕದಿಂದ ನೋಡಿ: ಹೊಟ್ಟೆ ಒಳಕ್ಕೆ ಬಾಗಿ, ತಲೆಯೊಂದೇ ದಪ್ಪ ಕಂಡರೆ ಅದು ಹಸಿವು.

ಮೇಲಕ್ಕೆ ಹೋಗಿ ಬರುವುದು ಅದರಷ್ಟಕ್ಕೇ ಕಾಯಿಲೆಯಲ್ಲ. ಕೋರಿಗೆ ಕಿವಿರಿನ ಜೊತೆಗೆ ಇನ್ನೊಂದು ಉಸಿರಾಟ ಇದೆ: ಒಂದು ಗುಟುಕು ಗಾಳಿ ನುಂಗಿ, ಕರುಳಿನ ಹಿಂಭಾಗದಲ್ಲಿ ಅದರ ಆಮ್ಲಜನಕ ಹೀರಿಕೊಳ್ಳುತ್ತದೆ. ಸರಕ್ಕನೆ ಮೇಲೆ ಹೋಗಿ, ಸರಕ್ಕನೆ ಕೆಳಗಿಳಿದು ಮತ್ತೆ ಮರಳು ಕೆದಕಲು ಶುರುಮಾಡಿದರೆ ಸರಿಯಾಗಿಯೇ ಇದೆ. ಎರಡು ಮೂರು ನಿಮಿಷಕ್ಕೊಮ್ಮೆ ಎಲ್ಲವೂ ಮೇಲೆ ಓಡುತ್ತಿದ್ದರೆ, ಅಥವಾ ನೆಲದ ಮೇಲೆ ಮಲಗಿ ಕಿವಿರು ಪಟಪಟ ಬಡಿಯುತ್ತಿದ್ದರೆ, ನೀರಿನಲ್ಲಿ ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಎಂಬ ವಿಷ ಇದೆ ಅಥವಾ ಆಮ್ಲಜನಕ ಸಾಲದು. ಗಾಳಿ ನುಂಗಲು ಜಾಗ ಬೇಕಾದ್ದರಿಂದ ನೀರಿಗೂ ಮುಚ್ಚಳಕ್ಕೂ ನಡುವೆ ಒಂದೂವರೆ ಎರಡು ಇಂಚು ಬಿಡಿ.

‘ನೀರು ತಿಳಿಯಾಗಿದೆ’, ‘ಟಿಡಿಎಸ್ 410’: ಈ ಎರಡೂ ನಿಮಗೆ ಸುಳ್ಳು ಧೈರ್ಯ ಕೊಟ್ಟಿವೆ. ಅಮೋನಿಯಾಕ್ಕೆ ಬಣ್ಣವಿಲ್ಲ, ಮೀನು ಸಾಯುವಷ್ಟಿದ್ದರೂ ನೀರು ಫಳಫಳ ಅನ್ನುತ್ತದೆ. ಟಿಡಿಎಸ್ ಪೆನ್ ತೋರಿಸುವುದು ಕರಗಿದ ಲವಣಗಳ ಒಟ್ಟು ಅಂದಾಜನ್ನು. ಅದರಲ್ಲಿ ಒಂದು ಪಿಪಿಎಂ, ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ, ಅಮೋನಿಯಾ ಸೇರಿದರೂ ಅಂಕಿ ಅಲುಗಾಡುವುದಿಲ್ಲ. ನೀವು ನಾಳೆಯೇ ಕೊಳ್ಳಬೇಕಾದದ್ದು ಹನಿ ಹಾಕಿ ಬಣ್ಣ ನೋಡುವ ಕಿಟ್‌ಗಳು: ಅಮೋನಿಯಾ, ನೈಟ್ರೈಟ್, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎನ್ನುವ ಅಳತೆ). ದುಡ್ಡು ಉಳಿದರೆ ನೈಟ್ರೇಟ್. ಕಾಗದದ ಪಟ್ಟಿಗಿಂತ ಹನಿ ಕಿಟ್ ನಂಬಿಕೆಗೆ ಮೇಲು. ಔಷಧಿಗೆ ಇಟ್ಟ ದುಡ್ಡನ್ನು ಇದಕ್ಕೆ ಹಾಕಿ.

ಈಗ ಒಳಗಿನ ಕಾರಣಕ್ಕೆ ಬರೋಣ. ಮೀನಿನ ಕಿವಿರಿನಿಂದಲೂ ಹಿಕ್ಕೆಯಿಂದಲೂ ಅಮೋನಿಯಾ ಬರುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಆ ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳ ಮುಖ್ಯ ವಾಸ ನಿಮ್ಮ ಫಿಲ್ಟರಿನ ಸ್ಪಂಜು. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀವು ಎರಡೆರಡು ವಾರಕ್ಕೊಮ್ಮೆ ಅದೇ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಹಿಂಡಿ ಹಿಂಡಿ ತೊಳೆದಿದ್ದೀರಿ. ಅಂದರೆ ಈ ಟ್ಯಾಂಕು ಮೂರು ತಿಂಗಳಾದರೂ ಹೆಚ್ಚುಕಡಿಮೆ ಮೊದಲ ವಾರದಲ್ಲೇ ಇದೆ.

ಅದರ ಮೇಲೆ ಹೊಸ ಮನೆಯ ಸಂಪು. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ತಿಂಗಳುಗಟ್ಟಲೆ ನೀರಿಗೆ ಬಿಡುತ್ತಿರುತ್ತದೆ, ಪಿಎಚ್ ಎಂಟೂವರೆ ದಾಟುವುದೂ ಉಂಟು. ಇದು ಯಾಕೆ ಮುಖ್ಯ ಅಂದರೆ, ಕಿಟ್ ತೋರಿಸುವ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಎಷ್ಟು ಎನ್ನುವುದನ್ನು ಪಿಎಚ್ ತೀರ್ಮಾನಿಸುತ್ತದೆ. 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ಆ ಪಾಲು ಶೇ 0.6ರಷ್ಟು, ಪಿಎಚ್ 8ಕ್ಕೆ ಶೇ 5ಕ್ಕೂ ಹೆಚ್ಚು, 8.5ಕ್ಕೆ ಶೇ 15. ಹಳೇ ಮನೆಯಲ್ಲಿ ಮೀನು ತಡೆದುಕೊಳ್ಳುತ್ತಿದ್ದ ಅದೇ ಗಲೀಜು ಹೊಸ ಮನೆಯಲ್ಲಿ ಕಿವಿರು ಸುಡುತ್ತದೆ. ಸಂಪಿನ ನೀರು ಒಂದು ಲೋಟ, ರಸ್ತೆ ನಲ್ಲಿಯಿಂದ ನೇರ ಬರುವ ಕಾವೇರಿ ನೀರು ಒಂದು ಲೋಟ ಹಿಡಿದು ಎರಡರ ಪಿಎಚ್ ಪಕ್ಕಪಕ್ಕ ನೋಡಿ. ಅಂಕಿಯಲ್ಲಿ 0.5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮೀನಿನ ನೀರನ್ನು ಸಂಪಿನಿಂದ ಎತ್ತಬೇಡಿ, ನೇರ ನಲ್ಲಿಯಿಂದಲೇ ಒಂದು ಪ್ಲಾಸ್ಟಿಕ್ ಡ್ರಮ್ಮಿಗೆ ಹಿಡಿದಿಡಿ.

ಕಾವೇರಿ, ಬೋರ್ ಬದಲಾಗುವುದು ಇನ್ನೊಂದು ಪೆಟ್ಟು. ನಮ್ಮ ಮೈಸೂರು, ಮಂಡ್ಯ ಸೀಮೆಯ ಬೋರ್ ನೀರು ಸಾಮಾನ್ಯವಾಗಿ ಗಡಸು. ಹೊಳೆ ನೀರು ಅದಕ್ಕಿಂತ ಮೆದು. ಅಂಗಡಿಯಲ್ಲಿ ಸಿಗುವ ಕೋರಿಗಳು ಹೆಚ್ಚಾಗಿ ಸಾಕಣೆ ತೊಟ್ಟಿಯಲ್ಲೇ ಹುಟ್ಟಿದವು. ತುಸು ಗಡಸು ನೀರಿಗೂ ಹೊಂದಿಕೊಳ್ಳುತ್ತವೆ, ಪಿಎಚ್ ಆರೂವರೆಯಿಂದ ಎಂಟರ ಒಳಗೆ ಇದ್ದರೆ ಸಾಕು. ಅವು ತಡೆಯದಿರುವುದು ಹದಿನೈದು ದಿನಕ್ಕೊಮ್ಮೆ ಒಂದೇ ಏಟಿಗೆ ಎಲ್ಲವೂ ಬದಲಾಗುವುದನ್ನು. ಬರೀ ಬೋರ್ ನೀರೇ ಗತಿ ಎನ್ನುವವರು, ವಿಶೇಷವಾಗಿ ಮಂಡ್ಯ ಕಡೆಯವರು, ಆರ್‌ಒ ನೀರು ಬೆರೆಸಬಹುದು: ಟಿಡಿಎಸ್ 900 ಇರುವ ಬೋರ್ ನೀರು ಒಂದು ಪಾಲು, 30 ಇರುವ ಆರ್‌ಒ ನೀರು ಎರಡು ಪಾಲು ಬೆರೆಸಿದರೆ 320 ಆಗುತ್ತದೆ, ಅಷ್ಟು ಸಾಕು. ಬರೀ ಆರ್‌ಒ ನೀರು ಬೇಡ. ಅದರಲ್ಲಿ ಪಿಎಚ್ ಹಿಡಿದು ನಿಲ್ಲಿಸುವ ಲವಣವೇ ಇರುವುದಿಲ್ಲ, ಯಾವಾಗ ಬೇಕಾದರೂ ಕುಸಿಯುತ್ತದೆ. ಆರ್‌ಒ ಯಂತ್ರ ಹೊರಹಾಕುವ ವೇಸ್ಟ್ ನೀರನ್ನು ‘ಸುಮ್ಮನೆ ಹಾಳಾಗುತ್ತೆ’ ಅಂತ ಟ್ಯಾಂಕಿಗೆ ಸುರಿಯುವವರಿದ್ದಾರೆ. ಹಾಗೆ ಮಾಡಬೇಡಿ, ಲವಣ ಹೆಚ್ಚಿರುವ ಆ ನೀರು ಗಿಡಕ್ಕೂ ಅಷ್ಟಕ್ಕಷ್ಟೆ.

ಇನ್ನು ಎಂ-ಸ್ಯಾಂಡ್. ಕಲ್ಲನ್ನು ಯಂತ್ರದಲ್ಲಿ ಒಡೆದು ಮಾಡಿದ ಮರಳಾದ್ದರಿಂದ ಕಣದ ಅಂಚು ಚೂಪಾಗಿಯೇ ಇರುತ್ತದೆ. ಒಂದು ಚಿಟಿಕೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿ, ಚುಚ್ಚುವುದು ಗೊತ್ತಾಗುತ್ತದೆ. ಕೋರಿ ಇದರಲ್ಲೇ ಮೂತಿ ತೂರಿಸಬೇಕು. ಆದರೆ ಎಲ್ಲ ತಪ್ಪನ್ನೂ ಚೂಪಿನ ಮೇಲೆ ಹೊರಿಸುವುದು ಸರಿಯಲ್ಲ. ಒರಟು ನೆಲದಲ್ಲೂ ಕೋರಿಗಳು ಮೀಸೆ ಉಳಿಸಿಕೊಂಡು ಬದುಕುವುದುಂಟು, ನುಣುಪಾದ ಮರಳಿನಲ್ಲೂ ಮೀಸೆ ಕಳೆದುಕೊಳ್ಳುವುದುಂಟು. ನನ್ನ ಅಭಿಪ್ರಾಯದಲ್ಲಿ ಕೊಳೆತ ನೆಲವೇ ದೊಡ್ಡ ಶತ್ರು. ಚೂಪು ಮರಳು ಗಾಯ ಮಾಡಿ ಅದಕ್ಕೆ ಬಾಗಿಲು ತೆಗೆಯುತ್ತದೆ. ಎಂ-ಸ್ಯಾಂಡಿನಲ್ಲಿ ಕಲ್ಲಿನ ದೂಳು ಜಾಸ್ತಿ. ಅದು ಸಂದುಗಳಲ್ಲಿ ಕೂತು ತಳವನ್ನು ಗಾರೆಯಂತೆ ಬಿಗಿಮಾಡುತ್ತದೆ, ಒಳಕ್ಕೆ ನೀರಾಡುವುದಿಲ್ಲ. ಎರಡು ಇಂಚಿನ ಅಡಿಯಲ್ಲಿ ಆಹಾರದ ಚೂರು ಕೊಳೆತು ಕಪ್ಪಾಗುತ್ತದೆ. ಟ್ಯಾಂಕಿನ ಮುಂದೆ ಕೂತು ಮರಳಿನ ಅಡಿಭಾಗವನ್ನು ಗಾಜಿನ ಮೂಲಕ ನೋಡಿ: ಕಪ್ಪು ಪಟ್ಟೆ ಕಂಡರೆ, ಕೆದಕಿದಾಗ ಕೊಳೆತ ಮೊಟ್ಟೆ ವಾಸನೆ ಬಂದರೆ, ಬೇರೆ ಪುರಾವೆ ಬೇಡ. ಬಿಳಿ ಕೋರಿಯ ಕೆಂಪು ಹೊಟ್ಟೆಯೂ ಹೆಚ್ಚಾಗಿ ಇದರದ್ದೇ ಫಲ. ಹಾಗಂತ ಅದರ ಬಣ್ಣ ನೋಡಿ ಗಾಬರಿಯೂ ಬೇಡ. ಬಿಳಿ ಕೋರಿಯ ಚರ್ಮದಡಿ ರಕ್ತನಾಳ ತಿಳಿಗುಲಾಬಿಯಾಗಿ ಕಾಣುವುದು ಸಹಜ. ಮಚ್ಚೆ ಮಚ್ಚೆಯಾದ ಗಾಢ ಕೆಂಪು, ಉಜ್ಜಿ ಹೋದಂತೆ ಕಾಣುವ ಜಾಗ, ಇವು ಚಿಂತೆಯ ಗುರುತು.

ಕಲ್ಲುಪ್ಪಿನ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಇಷ್ಟು ಓಡಾಡುತ್ತದೆ. ಕಿಟ್‌ನಲ್ಲಿ ನೈಟ್ರೈಟ್ ಕಂಡುಬಂದರೆ ಉಪ್ಪಿನ ಕ್ಲೋರೈಡು ಕಿವಿರಿನ ಮೂಲಕ ನೈಟ್ರೈಟ್ ಒಳಹೋಗುವುದನ್ನು ತಡೆಯುತ್ತದೆ. ಅದಕ್ಕೆ ಬೇಕಾದದ್ದು 10 ಲೀಟರಿಗೆ 1 ಗ್ರಾಂ ಮಾತ್ರ. ನಿಮ್ಮ ಟ್ಯಾಂಕಿನ ಲೆಕ್ಕ ನೋಡಿ: 24, 12, 12 ಇಂಚನ್ನು ಗುಣಿಸಿ 61ರಿಂದ ಭಾಗಿಸಿದರೆ 56 ಲೀಟರ್ ಚಿಲ್ಲರೆ. ಮರಳು, ಮೇಲಿನ ಖಾಲಿ ಜಾಗ ಕಳೆದರೆ ನೀರು 45 ಲೀಟರ್. ಅಂದರೆ ನಾಲ್ಕೂವರೆ ಗ್ರಾಂ, ಒಂದು ಟೀ ಚಮಚಕ್ಕೂ ಕಡಿಮೆ. ‘ಒಂದು ಹಿಡಿ’ ಇದರ ಹತ್ತರಷ್ಟಾದೀತು. ಗೋಲ್ಡ್‌ಫಿಶ್ ತಡೆದುಕೊಂಡೀತು, ಕೋರಿಗೆ ಅಷ್ಟು ಉಪ್ಪು ಒಗ್ಗುವುದಿಲ್ಲ. ಉಪ್ಪು ಆವಿಯಾಗುವುದೂ ಇಲ್ಲ. ಆರಿದ ನೀರಿಗೆ ನೀರು ತುಂಬಿಸುತ್ತಾ, ಪ್ರತಿ ಸಲ ಒಂದು ಹಿಡಿ ಹಾಕುತ್ತಾ ಹೋದರೆ ಅದು ಏರುತ್ತಲೇ ಇರುತ್ತದೆ. ಅಮೋನಿಯಾದ ಮೇಲೆ ಉಪ್ಪಿನ ಆಟ ನಡೆಯುವುದಿಲ್ಲ.

ಕ್ಯಾಪ್ಸೂಲ್‌ನ ಅಪಾಯ ಬೇರೆ. ಮನುಷ್ಯರಿಗಾಗಿ ಮಾಡಿದ ಆ್ಯಂಟಿಬಯಾಟಿಕ್ಕನ್ನು ಟ್ಯಾಂಕಿಗೆ ಉದುರಿಸಿದರೆ ಎಷ್ಟು ಮೀನಿಗೆ ತಲುಪುತ್ತದೆ ಎಂಬ ಲೆಕ್ಕವಿಲ್ಲ, ಫಿಲ್ಟರಿನಲ್ಲಿ ಅಳಿದುಳಿದ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು. ಮೆಥಿಲೀನ್ ಬ್ಲೂ ಎಂಬ ನೀಲಿ ಮೀನೌಷಧಿ ಕೂಡ ಮುಖ್ಯ ಟ್ಯಾಂಕಿಗೆ ಬೇಡ.

ಹಾಗಾದರೆ ಮಾಡುವುದೇನು? ಇವತ್ತೇ ಮೂರರಲ್ಲೊಂದು ಪಾಲು ನೀರು, ಅಂದರೆ 15 ಲೀಟರ್, ಬದಲಿಸಿ. ಹೊಸ ನೀರನ್ನು ಹಿಂದಿನ ರಾತ್ರಿಯೇ ಅಗಲ ಬಾಯಿಯ ಬಕೆಟ್ಟಿನಲ್ಲಿ ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಬಿಟ್ಟು ಇಟ್ಟಿದ್ದರೆ ಕ್ಲೋರಿನ್ ಹೆಚ್ಚಿನಂಶ ಹಾರಿಹೋಗಿರುತ್ತದೆ. ಬೋರ್ ನೀರಾದರೂ ಹೀಗೆ ಇಡಬೇಕು, ಕಾರಣ ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಅಷ್ಟು ಹೊತ್ತಿಲ್ಲ ಎಂದರೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹರಳು. 10 ಗ್ರಾಂ ಹರಳನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಟ್ಟುಕೊಳ್ಳಿ, 10 ಲೀಟರ್ ಬಕೆಟ್ಟಿಗೆ 10 ಮಿಲಿ ಹಾಕಿ ಕಲಕಿ. ನಲ್ಲಿ ನೀರಿನ ಕ್ಲೋರಿನ್ ಒಂದು ಪಿಪಿಎಂ ಇದ್ದರೂ ಇದು ಕಳೆಯುತ್ತದೆ. ಅಂಗಡಿಯ ಆ್ಯಂಟಿ-ಕ್ಲೋರಿನ್ ಬಾಟಲಿಗಳಲ್ಲಿ ಬಹುಪಾಲು ಇರುವುದೂ ಇದೇ.

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವ ತನಕ ದಿನವೂ 10ರಿಂದ 12 ಲೀಟರ್ ಬದಲಿಸಬೇಕಾಗುತ್ತದೆ. ಮೂರು ನಾಲ್ಕು ವಾರ ಹಿಡಿಯಬಹುದು, ಬೇಸರದ ಕೆಲಸ. ಆಹಾರ ಅರ್ಧಕ್ಕಿಳಿಸಿ. ಗುರುತಿನವರ ಮನೆಯಲ್ಲಿ ವರ್ಷದಿಂದ ಕಾಯಿಲೆಯಿಲ್ಲದೆ ನಡೆಯುತ್ತಿರುವ ಟ್ಯಾಂಕ್ ಇದ್ದರೆ ಅವರ ಹಳೇ ಸ್ಪಂಜಿನ ಒಂದು ತುಂಡನ್ನು ಅವರದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಯಾವ ಬಾಟಲಿ ಬ್ಯಾಕ್ಟೀರಿಯಾಕ್ಕಿಂತಲೂ ನಾನು ಇದನ್ನು ನಂಬುತ್ತೇನೆ. ಇನ್ನು ಮೇಲೆ ಸ್ಪಂಜು ಕಟ್ಟಿಕೊಂಡಾಗ, ಟ್ಯಾಂಕಿನಿಂದ ತೆಗೆದ ನೀರಿನ ಬಕೆಟ್ಟಿನಲ್ಲೇ ಎರಡು ಸಲ ಮೆತ್ತಗೆ ಹಿಂಡಿ ಹಾಕಿಬಿಡಿ. ಕಂದು ಬಣ್ಣ ಉಳಿದಿರಬೇಕು. ಕರೆಂಟು ನಾಲ್ಕೈದು ಗಂಟೆ ಹೋಗಿ ಬಂದರೆ ಮುಚ್ಚಿದ ಫಿಲ್ಟರಿನೊಳಗಿನ ನೀರು ಕೆಟ್ಟಿರುತ್ತದೆ, ಅದನ್ನು ಚೆಲ್ಲಿ ಆಮೇಲೆ ಓಡಿಸಿ.

ಮರಳು ಬದಲಿಸುವುದನ್ನು ಒಂದು ವಾರ ಬಿಟ್ಟು ಶುರುಮಾಡಿ. ಒಂದೇ ದಿನ ಎಲ್ಲವನ್ನೂ ಕೆದಕಿದರೆ ಅಡಿಯ ಕೊಳೆ ಒಮ್ಮೆಗೇ ನೀರಿಗೆ ಬಿಟ್ಟು, ಮೀನುಗಳು ಸಂಜೆಯೊಳಗೆ ಹೋಗಿಬಿಡಬಹುದು. ಮೀನುಗಳನ್ನು ಟ್ಯಾಂಕಿನದೇ ನೀರು ತುಂಬಿದ ಬಕೆಟ್ಟಿಗೆ ಏರ್ ಸ್ಟೋನ್ ಸಮೇತ ಸಾಗಿಸಿ, ಅರ್ಧ ಮರಳನ್ನು ಡಬ್ಬಿಯಿಂದ ಮೊಗೆದು ತೆಗೆಯಿರಿ. ಕೊಳೆ ಎದ್ದ ನೀರನ್ನು ಪೈಪಿನಲ್ಲಿ ಹೊರಗೆ ಹಾಕಿ, ಹಿಡಿದಿಟ್ಟ ನೀರು ತುಂಬಿಸಿ, ತಿಳಿಯಾದ ಮೇಲೆ ಮೀನು ಬಿಡಿ. ಉಳಿದರ್ಧ ಮುಂದಿನ ವಾರ. ಕೋರಿ ಹಿಡಿಯಲು ಬಲೆ ಬಳಸಬೇಡಿ. ಬೆನ್ನಿನ ಮತ್ತು ಪಕ್ಕದ ಈಜುರೆಕ್ಕೆಗಳ ಮುಂದಿನ ಮುಳ್ಳು ಸೆಟೆದು ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯನ್ನು ಅಡ್ಡ ಹಿಡಿದು ಅದರೊಳಕ್ಕೆ ಓಡಿಸಿ. ಬಲೆಗೆ ಸಿಕ್ಕೇಬಿಟ್ಟರೆ ಎಳೆಯಬೇಡಿ, ಬಲೆಯನ್ನೇ ಕತ್ತರಿಸಿ.

ಹೊಸ ಮರಳು ಗಾರೆ ಕೆಲಸಕ್ಕೆ ಜರಡಿ ಹಿಡಿದ ಹೊಳೆ ಮರಳಾಗಬಹುದು ಅಥವಾ ಈಜುಕೊಳದ ಫಿಲ್ಟರಿಗೆ ಹಾಕುವ ನುಣುಪು ಮರಳಾಗಬಹುದು. ಕಣ ಒಂದು ಮಿಲಿಮೀಟರಿಗಿಂತ ಸಣ್ಣದಿರಲಿ. ನಿಮ್ಮ ತಳಕ್ಕೆ ಒಂದು ಇಂಚು ಎತ್ತರಕ್ಕೆ ಏಳೆಂಟು ಕಿಲೋ ಸಾಕು, ಅದಕ್ಕಿಂತ ದಪ್ಪ ಬೇಡ. ಒಂದು ಚಮಚ ಮರಳಿಗೆ ವಿನೆಗರ್ ಹನಿಸಿ ನೋಡಿ. ನೊರೆ ಬಂದರೆ ಚಿಪ್ಪು ಸುಣ್ಣ ಬೆರೆತಿದೆ, ಅಂಥದ್ದು ಪಿಎಚ್ ಏರಿಸುತ್ತದೆ. ತೊಳೆದ ನೀರು ತಿಳಿಯಾಗಿ ಬರುವವರೆಗೆ ತೊಳೆಯಿರಿ. ಆಮೇಲೆ ವಾರಕ್ಕೊಮ್ಮೆ ಅರ್ಧ ಇಂಚಿನ ಪೈಪಿನ ಬಾಯನ್ನು ಮರಳಿನಿಂದ ಬೆರಳಗಲ ಮೇಲೆ ಆಡಿಸುತ್ತಾ 12 ಲೀಟರ್ ಎಳೆದು ತೆಗೆದರೆ ತಳ ಶುಚಿಯಾಗಿರುತ್ತದೆ. ಪೂರ್ತಿ ಚೆಲ್ಲುವ ಕೆಲಸ ಇನ್ನಿಲ್ಲ.

ಕೆಂಪು ಹೊಟ್ಟೆಯ ಮೀನಿಗೆ 20 ಲೀಟರಿನ ಒಂದು ಪ್ಲಾಸ್ಟಿಕ್ ಟಬ್ಬು, ಮರಳಿಲ್ಲದ ತಳ, ಗಾಳಿ, ಅಡಗಲು ಒಂದು ಮಡಕೆ ಚೂರು, ದಿನವೂ ಅರ್ಧ ನೀರು ಬದಲು. ಹೀಗೆ ಒಂದು ವಾರ ನೋಡಿ. ಬಹಳಷ್ಟು ಸಲ ಇಷ್ಟಕ್ಕೇ ಇಳಿಯುತ್ತದೆ. ಕೆಂಪು ಹರಡಿದರೆ, ಹುಣ್ಣು ಬಾಯಿಬಿಟ್ಟರೆ ಆಗ ಆ್ಯಂಟಿಬಯಾಟಿಕ್‌ನ ಮಾತು. ಅದೂ ಮೀನು ನೋಡುವ ಪಶುವೈದ್ಯರನ್ನು ಕೇಳಿ, ಆ ಟಬ್ಬಿನಲ್ಲೇ. ಮೀಸೆ ಬುಡದ ತನಕ ಸವೆದಿಲ್ಲದಿದ್ದರೆ ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ. ಬುಡವೇ ಹೋಗಿದ್ದರೆ ಬರಲಿಕ್ಕಿಲ್ಲ, ಆದರೂ ಆಹಾರ ಬಾಯಿಯ ಬಳಿ ಬಿದ್ದರೆ ಬದುಕಿಕೊಳ್ಳುತ್ತದೆ.

ಈಗ ನೀವು ತೀರ್ಮಾನಿಸಬೇಕಾದ್ದು: ಗೋಲ್ಡ್‌ಫಿಶ್ಶೋ, ಕೋರಿಯೋ. 45 ಲೀಟರಿನಲ್ಲಿ ಎರಡೂ ಸಲ್ಲ. ಗೋಲ್ಡ್‌ಫಿಶ್‌ಗೆ ಇನ್ನೂ ತಂಪು ನೀರು ಬೇಕು, ಗಲೀಜು ಹಲವು ಪಟ್ಟು, ಬೆಳೆದ ಮೇಲೆ ಸಣ್ಣ ಕೋರಿಯನ್ನು ಬಾಯಿಗೆ ಹಾಕಿಕೊಂಡರೆ ಮುಳ್ಳು ಗಂಟಲಿಗೆ ಸಿಕ್ಕಿ ಎರಡೂ ಸಾಯಬಹುದು. ಗೋಲ್ಡ್‌ಫಿಶ್‌ಗಳನ್ನು ದೊಡ್ಡ ತೊಟ್ಟಿ ಇರುವವರಿಗೆ ಕೊಟ್ಟು ಕೋರಿ ಉಳಿಸಿಕೊಳ್ಳುವುದು ನನ್ನ ಮೊದಲ ಸಲಹೆ, ಈ ಅಳತೆಯ ಟ್ಯಾಂಕಿಗೆ ಅದೇ ಹೊಂದುತ್ತದೆ. ಮಕ್ಕಳು ಗೋಲ್ಡ್‌ಫಿಶ್ ಬಿಡಲ್ಲ ಅಂದರೆ ಕೋರಿಗಳನ್ನು ವಾಪಸ್ ಕೊಡಿ, ಆದರೆ ಗೋಲ್ಡ್‌ಫಿಶ್‌ಗೂ ಈ ಟ್ಯಾಂಕು ಬೇಗ ಸಣ್ಣದಾಗುತ್ತದೆ. ಇನ್ನೊಂದು ಟ್ಯಾಂಕು ಇಡುವುದು ಮೂರನೆಯ ದಾರಿ. ದಿನವೂ ನೀರು ಹೊರುವ ಈ ತಿಂಗಳಲ್ಲಿ ಅದನ್ನು ಶುರುಮಾಡಬೇಡಿ.

ಕೋರಿ ಉಳಿಸಿಕೊಂಡರೆ ಮೂರೇ ಇಡುವುದು ಸರಿಯಲ್ಲ. ಅದು ಗುಂಪಿನ ಮೀನು, ಆರಾದರೂ ಬೇಕು. ಕಡಿಮೆಯಿದ್ದರೆ ಮೂಲೆ ಹಿಡಿದು ಕೂರುತ್ತದೆ. ಕಂದು, ಬಿಳಿ ಎರಡೂ ಸಾಮಾನ್ಯವಾಗಿ ಬ್ರಾಂಝ್ ಕೋರಿಯೇ, ಬಿಳಿಯದು ಅದರ ಬಣ್ಣವಿಲ್ಲದ ತಳಿ, ಹಾಗಾಗಿ ಇನ್ನು ಮೂರನ್ನು ಯಾವುದನ್ನಾದರೂ ಸೇರಿಸಬಹುದು. ಅಮೋನಿಯಾ, ನೈಟ್ರೈಟ್ ಸೊನ್ನೆಯಾಗಿ ಎರಡು ವಾರ ಹಾಗೇ ನಿಂತ ಮೇಲೆ ತನ್ನಿ, ಅದಕ್ಕಿಂತ ಮುಂಚೆ ಬೇಡ. ಅಂಗಡಿಯಲ್ಲಿ ಮೀಸೆ ಪೂರ್ತಿ ಇದೆಯೇ, ಹೊಟ್ಟೆ ತುಂಬಿಕೊಂಡಿದೆಯೇ ಎಂದು ಕೆಳಗಿನಿಂದ ನೋಡಿ ಆರಿಸಿ. ಪಾಂಡಾ ಮತ್ತು ಪೆಪ್ಪರ್ಡ್ ಕೋರಿ ಚೆಂದ ಕಂಡರೂ ಅವಕ್ಕೆ 25 ಡಿಗ್ರಿಯ ಒಳಗೆ ಹಿತ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕಿನ ನೀರು 29, 30 ಮುಟ್ಟುವಾಗ ಬಳಲುತ್ತವೆ. ಮಂಡ್ಯದ ಸೆಕೆಯಲ್ಲಂತೂ ಬೇಡವೇ ಬೇಡ. ಬಿಸಿಗೆ ತಡೆಯುವುದು ಸ್ಟರ್ಬಾಯ್ ಕೋರಿ, ಬೆಲೆ ಜಾಸ್ತಿ. ಬೇಸಿಗೆಯಲ್ಲಿ ಮುಚ್ಚಳ ತೆಗೆದು, ನೀರಿನ ಮೇಲೆ ಬಲೆ ಹೊದಿಸಿ, ಸಣ್ಣ ಫ್ಯಾನಿನ ಗಾಳಿ ಆಡಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ.

ಆಹಾರ ಮುಳುಗುವ ಕಾಳೇ ಆಗಬೇಕು, ರಾತ್ರಿ ಲೈಟ್ ಆರಿಸಿದ ಕಾಲು ಗಂಟೆಗೆ ಹಾಕಿ. ಎರಡು ಗಂಟೆಯಲ್ಲಿ ಮುಗಿಯುವಷ್ಟು ಮಾತ್ರ, ಮಿಕ್ಕಿದ್ದು ಎಳೆದು ತೆಗೆಯಿರಿ. ವಾರಕ್ಕೆರಡು ಸಲ ಫ್ರೋಜನ್ ಬ್ಲಡ್‌ವರ್ಮ್ (ಹೆಪ್ಪುಗಟ್ಟಿಸಿದ ಕೆಂಪು ಕೀಟದ ಮರಿ) ಕೊಟ್ಟರೆ ಮೈ ತುಂಬಿಕೊಳ್ಳುತ್ತದೆ. ಜೀವಂತ ಟ್ಯೂಬಿಫೆಕ್ಸ್ ಹುಳು ಬೇಡ, ಅದು ಮೋರಿ ಕೆಸರಿನಲ್ಲಿ ಬೆಳೆಯುವ ಹುಳು.

ಸಕ್ಕರ್ ಫಿಶ್ ಅಂತೂ ತರಲೇಬೇಡಿ. ಬೆರಳುದ್ದ ಇರುವಾಗ ಮಾರುವ ಆ ಮೀನು ಒಂದಡಿ ದಾಟಿ ಬೆಳೆಯುತ್ತದೆ, ನಿಮ್ಮ ಟ್ಯಾಂಕಿನ ಅಗಲವೇ ಒಂದಡಿ. ಸಾಕಲಾರದೆ ಕೆರೆಗೆ ಬಿಟ್ಟವರಿಂದ ಅದು ದಕ್ಷಿಣ ಭಾರತದ ಹಲವು ಕೆರೆ ಹೊಳೆಗಳಲ್ಲಿ ನೆಲೆಯೂರಿ ಮೀನುಗಾರರ ಬಲೆ ಹರಿಯುತ್ತಿದೆ. ಗೋಲ್ಡ್‌ಫಿಶ್‌ಗೆ ಗಿರಾಕಿ ಸಿಗದಿದ್ದರೂ ಕುಕ್ಕರಹಳ್ಳಿ ಕೆರೆ ಹತ್ತಿರವಿದೆ ಅಂತ ಅಲ್ಲಿಗೆ ಒಯ್ಯಬೇಡಿ. ಗಾಜಿನ ಪಾಚಿಗೆ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚು ಸಾಕು, ವಾರದ ನೀರು ತೆಗೆಯುವ ಮುಂಚೆ ಕೆರೆದುಬಿಡಿ. ಲೈಟನ್ನು ದಿನಕ್ಕೆ ಆರು ಗಂಟೆಗೆ ಇಳಿಸಿ, ಟ್ಯಾಂಕಿಗೆ ನೇರ ಬಿಸಿಲು ಬೀಳುತ್ತಿದ್ದರೆ ಕಿಟಕಿಗೊಂದು ಪರದೆ ಹಾಕಿಸಿ.